ಐದು ದಿನ ನಿಂತರೆ ಕಾರು ಸ್ಟಾರ್ಟ್ ಆಗಲ್ಲ: ಬ್ಯಾಟರಿ ಹೋಗಿದೆಯಾ, ಏನಾದರೂ ಕರೆಂಟ್ ತಿನ್ನುತ್ತಿದೆಯಾ?

ಪ್ರಶ್ನೆ: ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿದೆ. ವಾರವೆಲ್ಲ ಸ್ಕೂಟರ್‌ನಲ್ಲೇ ಓಡಾಟ, ಕಾರು ತೆಗೆಯುವುದು ಶನಿವಾರ, ಭಾನುವಾರ ಮಾತ್ರ. ಈಗ ಮೂರು ತಿಂಗಳಿಂದ ಶನಿವಾರ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ ಟಕ ಸದ್ದು. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತದೆ. ಮಾರನೇ ದಿನ ಯಾರ ಸಹಾಯವೂ ಬೇಡ, ತಾನೇ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹಾಕಿಸಿ 14 ತಿಂಗಳಾಗಿದೆ ಅಷ್ಟೇ. ಅಂಗಡಿಯವರು 'ಬ್ಯಾಟರಿ ಹೋಗಿದೆ, ಈ ಸಲ 35 ಬದಲು 44 ಎಎಚ್ ಹಾಕಿಸಿ' ಅಂತಾರೆ. ಮೆಕ್ಯಾನಿಕ್ 'ಡೈನಮೋ ವೀಕ್' ಅಂತಾರೆ. ದೀಪಾವಳಿ ಹೊತ್ತಿಗೆ ಡ್ಯಾಶ್‌ಕ್ಯಾಮ್ ಹಾಕಿಸಿದ್ದೆವು. ಯಾರ ಮಾತು ಕೇಳಬೇಕು? ಹೊಸ ಬ್ಯಾಟರಿ ಕೊಳ್ಳುವುದಾದರೆ ಯಾವುದು?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ದುಡ್ಡೂ ಬಿಚ್ಚಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಶನಿವಾರ ಜಂಪ್ ಕೊಟ್ಟ ಕಾರು ಭಾನುವಾರ ತಾನೇ ಸ್ಟಾರ್ಟ್ ಆಗುತ್ತದೆ ಅಂದರೆ ಶನಿವಾರದ ಓಡಾಟದಲ್ಲಿ ಬ್ಯಾಟರಿಗೆ ಚಾರ್ಜ್ ಏರಿದೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಕೈಕೊಟ್ಟಿದ್ದರೆ ಹೀಗೆ ಆಗುತ್ತಿರಲಿಲ್ಲ. ಏರಿದ ಚಾರ್ಜು ಒಂದು ರಾತ್ರಿ ನಿಂತಿದೆ, ಹಾಗಾಗಿ ಬ್ಯಾಟರಿಯೂ ಪೂರ್ತಿ ಹೋಗಿಲ್ಲ. ಉಳಿಯುವುದು ಮೂರನೇ ಸಾಧ್ಯತೆ: ಕಾರು ಆಫ್ ಆಗಿ ನಿಂತಾಗಲೂ ಒಳಗೆ ಏನೋ ಕರೆಂಟ್ ಎಳೆಯುತ್ತಿದೆ. ನನ್ನ ಅನುಮಾನ ಡ್ಯಾಶ್‌ಕ್ಯಾಮ್ ಮೇಲೆ. ಆದರೆ ಅನುಮಾನದ ಮೇಲೆ ವೈರ್ ಕೀಳುವುದು ಬೇಡ, ಅಳೆದು ನೋಡೋಣ.

ಮೊದಲು ಲೆಕ್ಕ. ಎಎಚ್ ಅಂದರೆ ಆಂಪ್ ಅವರ್: ಒಂದು ಆಂಪ್‌ನಂತೆ ಒಂದು ಗಂಟೆ ಎಳೆದರೆ ಒಂದು ಎಎಚ್. ಲಾಕ್ ಮಾಡಿ ನಿಲ್ಲಿಸಿದ ಕಾರು ಕೂಡ ಸ್ವಲ್ಪ ಕರೆಂಟ್ ತಿಂದೇ ತಿನ್ನುತ್ತದೆ. ಗಡಿಯಾರ, ಸೆಂಟ್ರಲ್ ಲಾಕ್, ಅಲಾರಂ, ಕಂಪ್ಯೂಟರ್‌ನ ಮೆಮೊರಿ, ಎಲ್ಲಕ್ಕೂ ಒಂದೊಂದು ಚೂರು ಬೇಕು. ಒಟ್ಟು 20ರಿಂದ 50 ಮಿಲಿ ಆಂಪ್ ಒಳಗಿದ್ದರೆ ಸರಿಯೇ. 50 ಮಿಲಿ ಆಂಪ್ ಅಂದರೆ ದಿನಕ್ಕೆ 1.2 ಎಎಚ್. 35 ಎಎಚ್ ಬ್ಯಾಟರಿ ಹದಿನೈದು ದಿನದಲ್ಲಿ ಅರ್ಧ ಖಾಲಿ. ಯಾವ ರಿಪೇರಿಯೂ ಇಲ್ಲದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋದವರು ಬಂದು ಬ್ಯಾಟರಿ ಕಂಪನಿಗೆ ಬೈಯುವುದು ಇದಕ್ಕೇ.

ಈಗ ನಿಮ್ಮ ಕಾರು. ಪಾರ್ಕಿಂಗ್ ಮೋಡ್‌ನಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಕಾಲು ಆಂಪ್ ಆಸುಪಾಸು ಎಳೆಯುತ್ತದೆ ಅಂದುಕೊಳ್ಳಿ. ಕಾಲು ಆಂಪ್ ಅಂದರೆ ದಿನಕ್ಕೆ 6 ಎಎಚ್. ಭಾನುವಾರ ರಾತ್ರಿ ನಿಲ್ಲಿಸಿ ಶನಿವಾರ ಬೆಳಿಗ್ಗೆ ತೆಗೆಯುವಷ್ಟರಲ್ಲಿ ಐದೂವರೆ ದಿನ, 33 ಎಎಚ್. ನಿಮ್ಮ ಬ್ಯಾಟರಿ 35. ಲೆಕ್ಕ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಒಂದು ರಾತ್ರಿಗೆ ಏನೂ ಆಗಲ್ಲ, ಐದಾರು ರಾತ್ರಿಗೆ ಖಾಲಿ.

ಮೀಟರ್ ಇಲ್ಲದೆಯೂ ಇದನ್ನು ಪರೀಕ್ಷೆ ಮಾಡಬಹುದು. ಬೇಕಾದದ್ದು 10 ನಂಬರ್ ಸ್ಪ್ಯಾನರ್ ಒಂದೇ. ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ಕಾರು ಓಡಿಸಿ ಅಲ್ಲ, ಅಂಗಡಿಯ ಚಾರ್ಜರ್‌ನಲ್ಲಿ ರಾತ್ರಿಯಿಡೀ ಇಟ್ಟು. 35 ಎಎಚ್ ಬ್ಯಾಟರಿಗೆ ಮೂರೂವರೆ ಆಂಪ್‌ನಂತೆ ಹತ್ತು ಹನ್ನೆರಡು ಗಂಟೆ ಬೇಕು. ಎರಡು ಗಂಟೆಯಲ್ಲಿ ಫುಲ್ ಮಾಡಿಕೊಡುತ್ತೇವೆ ಅಂದರೆ ಆ ಅಂಗಡಿ ಬಿಟ್ಟು ಬೇರೆ ಕಡೆ ಹೋಗಿ. ಆಮೇಲೆ ಭಾನುವಾರ ರಾತ್ರಿ ಕಾರು ನಿಲ್ಲಿಸಿ ಮೈನಸ್ ಟರ್ಮಿನಲ್ ಬಿಚ್ಚಿಡಿ. ಆ ಕ್ಲಾಂಪ್‌ಗೆ ಯಾರಾದರೂ ಸಣ್ಣ ವೈರ್ ಸಿಕ್ಕಿಸಿದ್ದರೆ ಅದೂ ಜೊತೆಗೇ ಹೊರಗೆ ಬರಬೇಕು. ಬಾಗಿಲನ್ನು ರಿಮೋಟ್ ಬಿಟ್ಟು ಕೀಯಿಂದಲೇ ಲಾಕ್ ಮಾಡಿ, ಕೀ ಜೇಬಿನಲ್ಲೇ ಇರಲಿ. ಶನಿವಾರ ಬೆಳಿಗ್ಗೆ ವೈರ್ ಹಾಕಿ ಸೆಲ್ಫ್ ಹೊಡೆಯಿರಿ. ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ, ಕೆಲವು ಕಾರಲ್ಲಿ ಪವರ್ ವಿಂಡೋ ಕೂಡ. ಅಷ್ಟೇ ನಷ್ಟ.

ಒಂದೇ ಏಟಿಗೆ ಸ್ಟಾರ್ಟ್ ಆದರೆ ಬ್ಯಾಟರಿ ಅಪರಾಧಿ ಅಲ್ಲ, ಕಾರೇ ಕರೆಂಟ್ ತಿನ್ನುತ್ತಿದೆ. ವೈರ್ ಬಿಚ್ಚಿಟ್ಟಾಗಲೂ ಬ್ಯಾಟರಿ ಇಳಿದಿದ್ದರೆ ಒಳಗೆ ಯಾವುದೋ ಸೆಲ್ ಹೋಗಿದೆ, ಅಂಗಡಿಯವರ ಮಾತೇ ನಿಜ. ಈ ಒಂದು ಪರೀಕ್ಷೆ ಮಾಡದೆ ಹೊಸ ಬ್ಯಾಟರಿ ಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಕಾರೇ ತಿನ್ನುತ್ತಿದೆ ಅಂತ ಗೊತ್ತಾದ ಮೇಲೆ ಕಳ್ಳನನ್ನು ಹಿಡಿಯಲು ಮೀಟರ್ ಬೇಕು. ಐನೂರು ಆರುನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು, 10 ಆಂಪ್‌ನ ಸಾಕೆಟ್ ಇರಬೇಕು. ಕೆಂಪು ವೈರನ್ನು ಆ 10 ಆಂಪ್ ಸಾಕೆಟ್‌ಗೆ ಹಾಕಿ. ಮೈನಸ್ ಕ್ಲಾಂಪ್ ಬಿಚ್ಚಿ, ಕ್ಲಾಂಪ್‌ಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರ್ ಸೇರಿಸಿ. ಈಗ ಕಾರಿಗೆ ಹೋಗುವ ಕರೆಂಟೆಲ್ಲ ಮೀಟರ್ ಮೂಲಕವೇ ಹೋಗುತ್ತದೆ. ಈ ಹೊತ್ತಿನಲ್ಲಿ ತಪ್ಪಿಯೂ ಕೀ ತಿರುಗಿಸಬೇಡಿ. ಸೆಲ್ಫ್ ಮೋಟರ್ ನೂರಕ್ಕೂ ಹೆಚ್ಚು ಆಂಪ್ ಎಳೆಯುತ್ತದೆ, ಮೀಟರ್‌ನ ಫ್ಯೂಸ್ ಹಾರಿಹೋಗುತ್ತದೆ. ಮನೆ ವೈರಿಂಗ್ ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕ್ಲಾಂಪ್ ಮೀಟರ್ ಎರವಲು ತರುವುದಾದರೆ ಅದು ಡಿಸಿ, ಅಂದರೆ ಬ್ಯಾಟರಿಯ ಕರೆಂಟ್, ಅಳೆಯುತ್ತದಾ ಕೇಳಿ. ಅವರ ಬಳಿ ಇರುವುದು ಬಹುಪಾಲು ಎಸಿ, ಅಂದರೆ ಮನೆಯ ಕರೆಂಟ್, ಮಾತ್ರ ಅಳೆಯುವಂಥದ್ದು, ಕಾರಿಗೆ ಬರಲ್ಲ.

ಮೀಟರ್ ಸೇರಿಸಿದ ಕೂಡಲೇ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಮೊದಲು ಎರಡು ಮೂರು ಆಂಪ್ ತೋರಿಸಬಹುದು. ಕಾರಿನ ಕಂಪ್ಯೂಟರ್‌ಗಳು ಎದ್ದಿರುತ್ತವೆ. ಬಾಗಿಲು ಮುಚ್ಚಿ, ಒಂದು ಕಿಟಕಿಯನ್ನು ಮೀಟರ್ ಸೇರಿಸುವ ಮುಂಚೆಯೇ ಇಳಿಸಿಟ್ಟಿರಿ. ಬಾನೆಟ್ ತೆರೆದೇ ಇರಬೇಕಲ್ಲ, ಅದರ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕ್ಲಿಕ್ ಮಾಡಿ. ಆಗ ಕಾರು ಬಾನೆಟ್ ಮುಚ್ಚಿದೆ ಅಂದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕೊಂಡಿ ಬಿಡಿಸಲು ಮರೆಯಬೇಡಿ, ಇಲ್ಲದಿದ್ದರೆ ಬಾನೆಟ್ ಮುಚ್ಚಲು ಹೋಗಿ ಬಗ್ಗಿಸುತ್ತೀರಿ. ಬಟನ್ ಸ್ಟಾರ್ಟ್ ಕಾರಾದರೆ ಕೀ ಮನೆಯೊಳಗೆ ದೂರ ಇಡಿ, ಹತ್ತಿರ ಇದ್ದರೆ ಕಾರು ಮತ್ತೆ ಮತ್ತೆ ಎಚ್ಚರವಾಗುತ್ತದೆ. ಆಮೇಲೆ ಕಾಫಿ ಕುಡಿದು ಬನ್ನಿ. ಕೆಲವು ಕಾರು ಹತ್ತು ನಿಮಿಷಕ್ಕೆ ಮಲಗುತ್ತವೆ, ಕೆಲವಕ್ಕೆ ಮುಕ್ಕಾಲು ಗಂಟೆ ಬೇಕು. ರೀಡಿಂಗ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: 2.4 ಇದ್ದದ್ದು 0.7ಕ್ಕೆ, ಅಲ್ಲೇ ಸ್ವಲ್ಪ ಹೊತ್ತು ನಿಂತು 0.2ಕ್ಕೆ, ಕೊನೆಗೆ 0.03ಕ್ಕೆ, ಅಂದರೆ 30 ಮಿಲಿ ಆಂಪ್‌ಗೆ. ಕಾಯದೆ ಎರಡನೇ ನಿಮಿಷದಲ್ಲೇ ನೋಡಿ 'ಅರ್ಧ ಆಂಪ್ ಲೀಕ್ ಇದೆ' ಅನ್ನುವವರ ಮಾತಿಗೆ ಬೆಲೆ ಕೊಡಬೇಡಿ.

ಪೂರ್ತಿ ಮಲಗಿದ ಮೇಲೂ 0.1 ಆಂಪ್‌ಗಿಂತ ಜಾಸ್ತಿ ಇದ್ದರೆ ಹುಡುಕಾಟ ಶುರು. ಮೊದಲು ಡ್ಯಾಶ್‌ಕ್ಯಾಮ್‌ನ ಪ್ಲಗ್ ತೆಗೆದು ನೋಡಿ. ಇಳಿಯಲಿಲ್ಲ ಅಂದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು, ನೋಡಿ, ಮತ್ತೆ ಅದೇ ಜಾಗಕ್ಕೆ ಹಾಕುತ್ತಾ ಹೋಗಿ. ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಎರಡು: ಬಾನೆಟ್ ಕೆಳಗೆ ಒಂದು, ಸ್ಟಿಯರಿಂಗ್ ಕೆಳಗೆ ಡ್ಯಾಶ್‌ಬೋರ್ಡ್ ಒಳಗೆ ಇನ್ನೊಂದು. ಮುಟ್ಟುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಒಳಗಿನ ಬಾಕ್ಸ್ ಮುಟ್ಟಲು ಬಾಗಿಲು ತೆಗೆದರೆ ಕಾರು ಎದ್ದುಬಿಡುತ್ತದೆ. ಅದಕ್ಕೇ ಆ ಬಾಗಿಲನ್ನು ಮೊದಲೇ ತೆರೆದಿಟ್ಟು, ಅದರ ಕೊಂಡಿಯನ್ನೂ ಬಾನೆಟ್ ಕೊಂಡಿಯ ಹಾಗೇ ಒತ್ತಿಟ್ಟಿರಬೇಕು. ಯಾವ ಫ್ಯೂಸ್ ಕಿತ್ತಾಗ ರೀಡಿಂಗ್ ಧಡಕ್ಕನೆ ಬೀಳುತ್ತದೋ ಆ ಲೈನ್‌ನಲ್ಲೇ ಕಳ್ಳ ಇದ್ದಾನೆ.

ನಾನು ಕಂಡಂತೆ ಕಂಪನಿ ಜೋಡಿಸಿದ ಭಾಗಗಳಿಗಿಂತ ನಾವು ಆಮೇಲೆ ಹಾಕಿಸಿದ ವಸ್ತುಗಳೇ ಜಾಸ್ತಿ ಸಲ ಸಿಕ್ಕಿಬೀಳುತ್ತವೆ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮರೆತ, ಕಾರಿನ ದೋಷ ಓದುವ ಒಬಿಡಿ ಡಾಂಗಲ್, ಆಂಡ್ರಾಯ್ಡ್ ಸ್ಟೀರಿಯೋ, ಆಂಪ್ಲಿಫೈಯರ್. ಸ್ಟೀರಿಯೋಗೆ ಎರಡು ಪ್ಲಸ್ ವೈರ್ ಇರುತ್ತವೆ. ಒಂದು ಸದಾ ಕರೆಂಟ್ ಇರುವುದು, ಇನ್ನೊಂದು ಕೀ ಆನ್ ಆದಾಗ ಮಾತ್ರ. ಅವಸರದಲ್ಲಿ ಎರಡನ್ನೂ ಸೇರಿಸಿ ಟೇಪ್ ಸುತ್ತಿದ್ದರೆ, ಪರದೆ ಕಪ್ಪಗಿದ್ದರೂ ಸ್ಟೀರಿಯೋ ಒಳಗೆ ಎಚ್ಚರವಾಗೇ ಇರುತ್ತದೆ.

ಇನ್ನೊಂದು ಕಣ್ಣಿಗೆ ಬೀಳದ ಕಳ್ಳ ಡಿಕ್ಕಿಯ ದೀಪ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆ ಕಡೆಯವರ ಕಾರೊಂದಕ್ಕೆ ಹೀಗೇ ಆಗಿತ್ತು. ಬ್ಯಾಟರಿ ಬದಲಾಯಿಸಿದ್ದರು, ಡೈನಮೋ ಬಿಚ್ಚಿಸಿದ್ದರು, ಕಾಯಿಲೆ ಹೋಗಿರಲಿಲ್ಲ. ಮೀಟರ್ ಸುಮಾರು 0.4 ಆಂಪ್ ತೋರಿಸುತ್ತಿತ್ತು. ಐದು ವ್ಯಾಟ್‌ನ ಬಲ್ಬ್ ಉರಿದರೆ ಅಷ್ಟೇ ಬರುತ್ತದೆ. ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಮಲಗಿಸಿ, ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆದು ನೋಡಿದೆವು. ಮುಚ್ಚಿದ ಮೇಲೂ ಹಳದಿ ಬೆಳಕು ಹಾಗೇ ಇತ್ತು. ದೀಪದ ಸ್ವಿಚ್ಚನ್ನು ಒತ್ತಬೇಕಾದ ರಬ್ಬರ್ ಬುಷ್ ಬಿಸಿಲಿಗೆ ಪುಡಿಯಾಗಿ ಉದುರಿತ್ತು. ಹತ್ತಿಪ್ಪತ್ತು ರೂಪಾಯಿ ಸಾಮಾನು. ಗ್ಲೌ ಬಾಕ್ಸ್‌ನ ದೀಪವನ್ನೂ ಹೀಗೇ ನೋಡಬಹುದು.

ಎಲ್ಲ ಫ್ಯೂಸ್ ಕಿತ್ತರೂ ರೀಡಿಂಗ್ ಅಲುಗದಿದ್ದರೆ ಡೈನಮೋ ಒಳಗಿನ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಭಾಗ, ಸೋರುತ್ತಿರಬಹುದು. ಅದು ಓಡುವಾಗ ಚಾರ್ಜ್ ಮಾಡುತ್ತಲೇ ಇರುತ್ತದೆ, ನಿಂತಾಗ ವಾಪಸ್ ಎಳೆಯುತ್ತದೆ. ಅದಕ್ಕೆ ಆಟೋ ಎಲೆಕ್ಟ್ರಿಷಿಯನ್ನೇ ಬೇಕು. ಅಂದರೆ ನಿಮ್ಮ ಮೆಕ್ಯಾನಿಕ್‌ನ ಅನುಮಾನವನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ.

ಡೈನಮೋ ಚಾರ್ಜಿಂಗ್ ನೋಡುವುದು ಸುಲಭ. ಮೀಟರನ್ನು ವೋಲ್ಟ್‌ಗೆ ತಿರುಗಿಸಿ, ಕೆಂಪು ವೈರನ್ನು ಮತ್ತೆ ವೋಲ್ಟ್ ಸಾಕೆಟ್‌ಗೆ ಬದಲಿಸಿ. ಇದನ್ನು ಮರೆತರೆ ಶಾರ್ಟ್ ಆಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 13.8ರಿಂದ 14.5 ಇರಬೇಕು. ಹೆಡ್‌ಲೈಟ್, ಎಸಿ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗಲೂ 13.5ರ ಕೆಳಗೆ ಬರಬಾರದು. 15 ದಾಟಿದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದ್ದು ಹೋಗುತ್ತದೆ. ಹೊಸ ಮೈಲ್ಡ್ ಹೈಬ್ರಿಡ್ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಏರಿಸಿ ಇಳಿಸುತ್ತದೆ, ಅವಕ್ಕೆ ಈ ಲೆಕ್ಕ ಹಿಡಿಯಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು 'ಆಫ್ ಆಗಲಿಲ್ಲ, ಡೈನಮೋ ಚೆನ್ನಾಗಿದೆ' ಅನ್ನುವ ಹಳೇ ಪರೀಕ್ಷೆಯನ್ನು ನಿಮ್ಮ ಕಾರಲ್ಲಿ ಯಾರಿಗೂ ಮಾಡಲು ಬಿಡಬೇಡಿ. ವೈರ್ ಕಿತ್ತ ಕ್ಷಣ ವೋಲ್ಟೇಜ್ ಜಿಗಿದು ಕಂಪ್ಯೂಟರ್ ಸುಟ್ಟರೆ ಹತ್ತು ಬ್ಯಾಟರಿಯ ದುಡ್ಡು ಹೋಗುತ್ತದೆ.

ಈಗ ಬ್ಯಾಟರಿ. ಚಾರ್ಜ್ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಅಳೆದರೆ 12.6 ಅಥವಾ 12.7 ವೋಲ್ಟ್ ಬಂದರೆ ಫುಲ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಬಲಹೀನ. ಬ್ಯಾಟರಿ ಮೇಲಿನ ಹಸಿರು ಕಣ್ಣನ್ನು ನಂಬಿ ಕೂರಬೇಡಿ. ಒಳಗೆ ಆರು ಸೆಲ್ ಇರುತ್ತವೆ, ಆ ಕಣ್ಣು ನೋಡುವುದು ಒಂದನ್ನು ಮಾತ್ರ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿಸಿ. ಐದು ಸೆಲ್‌ನಲ್ಲಿ 1.26 ಬಂದು ಒಂದರಲ್ಲಿ 1.15 ಬಂದರೆ ತೀರ್ಪು ಅಲ್ಲೇ ಆಯಿತು. ಅಂಗಡಿಯ ಕೈಮೀಟರ್ ಕೊಡುವ ಸ್ಲಿಪ್ ಕೂಡ ಒಳ್ಳೆಯದೇ, ಆದರೆ ಚಾರ್ಜ್ ಮಾಡಿದ ಮೇಲೆ ಬಂದ ಸ್ಲಿಪ್ ಆಗಿರಬೇಕು.

ಒಂದು ಮಾತು ಅಂಗಡಿಯವರ ಪರವಾಗಿ. ಮೂರು ತಿಂಗಳು ಪ್ರತಿ ವಾರ ಪೂರ್ತಿ ಖಾಲಿಯಾದ ಬ್ಯಾಟರಿಗೆ ಪೆಟ್ಟು ಬಿದ್ದೇ ಇರುತ್ತದೆ. ಖಾಲಿ ಇದ್ದಾಗ ಪ್ಲೇಟ್‌ಗಳ ಮೇಲೆ ಕೂರುವ ಸೀಸದ ಸಲ್ಫೇಟ್ ದಿನ ಕಳೆದಂತೆ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಕರಗಲ್ಲ. ಜೊತೆಗೆ ನಮ್ಮ ಬಿಸಿಲು. ಮಾರ್ಚ್‌ನಿಂದ ಮೇ ತನಕ ದಾವಣಗೆರೆ, ಚಿತ್ರದುರ್ಗದ ಮಧ್ಯಾಹ್ನ 38 ಡಿಗ್ರಿ ಮುಟ್ಟುವುದು ಹೊಸದೇನಲ್ಲ, ಬಾನೆಟ್ ಕೆಳಗೆ ಇನ್ನೂ ಜಾಸ್ತಿ. ಬಿಸಿ 10 ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಹತ್ತಿರ ಹತ್ತಿರ ಅರ್ಧ ಅನ್ನುವುದು ಈ ಕೆಲಸದಲ್ಲಿರುವವರ ರೂಢಿಯ ಲೆಕ್ಕ. ಬ್ಯಾಟರಿ ಕೈಕೊಡುವುದು ಡಿಸೆಂಬರ್ ಚಳಿಯಲ್ಲಿ ಗೊತ್ತಾಗುತ್ತದೆ, ಹಾಳಾಗಿರುವುದು ಏಪ್ರಿಲ್‌ನಲ್ಲಿ. ನಮ್ಮ ಕಡೆ ಮೂರರಿಂದ ನಾಲ್ಕು ವರ್ಷ ಬಂದರೆ ಬ್ಯಾಟರಿ ನ್ಯಾಯವಾಗಿ ದುಡಿದಿದೆ ಅನ್ನಬೇಕು.

ನಿಮ್ಮದು 14 ತಿಂಗಳದ್ದು. ಹಾಗಾದರೆ ಕೊಳ್ಳುವ ಮಾತು ಯಾಕೆ? ವಾರಂಟಿ ಕಾರ್ಡ್ ತೆಗೆಯಿರಿ. ಅದರಲ್ಲಿ 24+24 ಅಥವಾ 30+30 ಅಂತ ಬರೆದಿದ್ದರೆ ಮೊದಲ ಸಂಖ್ಯೆಯ ತಿಂಗಳೊಳಗೆ ಪುಕ್ಕಟೆ ಬದಲಿ. ಎರಡನೇ ಸಂಖ್ಯೆಯ ಅವಧಿಯಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. '60 ತಿಂಗಳ ವಾರಂಟಿ' ಅಂತ ದೊಡ್ಡದಾಗಿ ಬರೆದಿದ್ದರೂ ಪುಕ್ಕಟೆ ಎಷ್ಟು ಅನ್ನುವುದನ್ನೇ ನೋಡಿ. ಸೆಲ್ ಹೋಗಿದ್ದರೆ ನಿಮಗೆ ಪುಕ್ಕಟೆ ಬದಲಿ ಸಿಗಬೇಕು. ಬರೀ ಚಾರ್ಜ್ ಇಳಿದಿದ್ದರೆ ಅವರು ಚಾರ್ಜ್ ಮಾಡಿ ವಾಪಸ್ ಕೊಡುತ್ತಾರೆ, ಅದು ಅನ್ಯಾಯ ಅಲ್ಲ. ಬಿಲ್, ಕಾರ್ಡ್, ಬ್ಯಾಟರಿ ಮೇಲಿನ ಸೀರಿಯಲ್ ನಂಬರ್ ಮೂರೂ ಹೊಂದಬೇಕು.

ಕೊಳ್ಳಲೇಬೇಕಾದರೆ 44 ಎಎಚ್ ಬೇಡ. ಸೋರುವ ಟ್ಯಾಂಕ್ ತೆಗೆದು ದೊಡ್ಡ ಟ್ಯಾಂಕ್ ಕೂರಿಸಿದರೆ ಸೋರುವುದು ನಿಲ್ಲಲ್ಲ. ಲೆಕ್ಕ ಮಾಡಿ: 9 ಎಎಚ್ ಜಾಸ್ತಿ, ದಿನಕ್ಕೆ 6 ಹೋದರೆ ಒಂದೂವರೆ ದಿನ ಮುಂದಕ್ಕೆ ಹೋಗುತ್ತದೆ. ಕಾರು ಶನಿವಾರದ ಬದಲು ಸೋಮವಾರ ಕೈಕೊಡುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಡೈನಮೋ ಸುಟ್ಟುಹೋಗುತ್ತದೆ ಅನ್ನುವುದು ಸುಳ್ಳು ಭಯ. ಆದರೆ ಟ್ರೇಯಲ್ಲಿ ಕೂರದೆ ಕ್ಲಾಂಪ್ ಬಿಗಿಯಾಗದಿದ್ದರೆ ಅಲುಗಾಡಿ ಪ್ಲೇಟ್ ಉದುರುತ್ತದೆ. ನಮ್ಮ ಒಳರಸ್ತೆಗಳ ಹಂಪ್ ಗೊತ್ತಲ್ಲ.

ಹಳೇ ಬ್ಯಾಟರಿಯ ಮೇಲಿರುವ ಕೋಡನ್ನೇ ಹೊಸದರಲ್ಲೂ ನೋಡಿ. 38ಬಿ20ಎಲ್ ಅಂತ ಇದ್ದರೆ 38 ಅದರ ಶಕ್ತಿಯ ಶ್ರೇಣಿ, ಅದು ಎಎಚ್ ಅಲ್ಲ. ಬಿ ಅಂದರೆ ಅಗಲ ಎತ್ತರದ ಅಳತೆ, 20 ಅಂದರೆ ಸುಮಾರು 20 ಸೆಂಟಿಮೀಟರ್ ಉದ್ದ, ಎಲ್ ಅಥವಾ ಆರ್ ಅಂದರೆ ಪ್ಲಸ್ ಮೈನಸ್ ಯಾವ ಕಡೆ ಅಂತ. ಎಲ್ ಜಾಗದಲ್ಲಿ ಆರ್ ತಂದರೆ ವೈರ್ ಮುಟ್ಟಲ್ಲ, ಎಳೆದು ಮುಟ್ಟಿಸುವ ಸಾಹಸ ಬೇಡ. ಡಿನ್ ಅಂತ ಶುರುವಾಗುವ ಕೋಡ್ ಇದ್ದರೆ ಅದು ಕುಳ್ಳಗಿನ ಬೇರೆ ಡಬ್ಬಿ. ಟರ್ಮಿನಲ್ ಕಂಬಗಳಲ್ಲಿ ದಪ್ಪ, ತೆಳು ಎರಡು ಬಗೆ ಇವೆ. ತೆಳು ಕಂಬಕ್ಕೆ ದಪ್ಪ ಕ್ಲಾಂಪ್ ಹಾಕಿ ತಗಡು ತುರುಕುವುದನ್ನು ಒಪ್ಪಬೇಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕಾರಾದರೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು, ಮಾಮೂಲಿಯದು ಬಾಳಲ್ಲ. ನಿಮ್ಮ ಕಾರಿಗೆ ಅದು ಇರಲಾರದು, ಒಮ್ಮೆ ಖಚಿತ ಮಾಡಿಕೊಳ್ಳಿ.

ಎಕ್ಸೈಡ್ ಒಳ್ಳೆಯದಾ, ಅಮರಾನ್ ಒಳ್ಳೆಯದಾ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ನಾನು ನೋಡುವುದು ಎರಡೇ: ತಯಾರಾದ ತಿಂಗಳು, ಮತ್ತು ವಾರಂಟಿಗೆ ತಕರಾರಿಲ್ಲದೆ ಓಡಾಡುವ ಹತ್ತಿರದ ಡೀಲರ್. ಮೂರು ತಿಂಗಳೊಳಗಿನದು ಸಿಕ್ಕರೆ ಚೆನ್ನ. ಆರು ತಿಂಗಳು ಅಂಗಡಿಯಲ್ಲಿ ಚಾರ್ಜ್ ಇಲ್ಲದೆ ಕೂತಿದ್ದರೆ ಅದು ಹೊಸದಲ್ಲ. ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಅನ್ನುವ ಸಂಖ್ಯೆಯ ಹಿಂದೆ ಬೀಳಬೇಡಿ. ಅದು ಮೈನಸ್ 18 ಡಿಗ್ರಿಯಲ್ಲಿ ಅಳೆಯುವ ಶಕ್ತಿ, ನಮ್ಮ ಕಡೆ ಚಳಿಗಿಂತ ಬಿಸಿಲೇ ಶತ್ರು. ಹಳೇ ಬ್ಯಾಟರಿ ಕೊಟ್ಟು ಬೆಲೆ ಇಳಿಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಕಸಕ್ಕೆ ಹಾಕುವಂತಿಲ್ಲ, ಗುಜರಿ ಗಾಡಿಗೆ ಕೊಡುವುದೂ ಬೇಡ. ಆಸಿಡ್ ಚರಂಡಿಗೆ, ಸೀಸ ಯಾರದೋ ಹಿತ್ತಲಿಗೆ ಹೋಗುತ್ತದೆ.

ಹಾಕಿಸುವಾಗ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಕ್ಲಾಂಪ್ ಒಳಗಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಕಾರಿನ ಲೋಹದ ಮೈಗೆ ಹೋಗುವ ಅರ್ತ್ ವೈರ್‌ನ ಇನ್ನೊಂದು ತುದಿಯನ್ನೂ ಬಿಗಿ ಮಾಡಿಸಿ, ಅದನ್ನು ಯಾರೂ ಮುಟ್ಟಲ್ಲ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಆರ್‌ಒ ನೀರೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ಡ್ಯಾಶ್‌ಕ್ಯಾಮ್ ಬಿಸಾಡುವ ಅಗತ್ಯವಿಲ್ಲ. ಅದರ ವೈರಿಂಗ್ ಕಿಟ್‌ನಲ್ಲಿ ವೋಲ್ಟೇಜ್ ಕಟ್‌ಆಫ್ ಸ್ವಿಚ್ ಇದ್ದರೆ 12.4ಕ್ಕೆ ಇಡಿ. ಹಾಕಿದವರು 11.6ಕ್ಕೆ ಬಿಟ್ಟಿದ್ದರೆ ಬ್ಯಾಟರಿ ಖಾಲಿಯಾದ ಮೇಲೆಯೇ ಅದು ಆಫ್ ಆಗುತ್ತದೆ. ಮನೆ ಮುಂದೆ ರಾತ್ರಿ ರೆಕಾರ್ಡಿಂಗ್ ಬೇಡ ಅನಿಸಿದರೆ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ಗೆ ಬದಲಿಸಿ, ಅರ್ಧ ಗಂಟೆಯ ಕೆಲಸ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಚಾರ್ಜ್ ಆಯಿತು ಅಂದುಕೊಳ್ಳಬೇಡಿ, ಐಡಲ್‌ನಲ್ಲಿ ಏರುವುದು ಬಹಳ ಕಡಿಮೆ. ವಾರಕ್ಕೊಮ್ಮೆ ಹೈವೇ ಹಿಡಿದು ಚಿತ್ರದುರ್ಗದ ತನಕ ಹೋಗಿ ಬಂದರೆ ಏರುತ್ತದೆ, ಹೋಗುವುದಕ್ಕೇ ಸುಮಾರು 60 ಕಿಲೋಮೀಟರ್. ಅಷ್ಟು ಓಡಾಟ ಇಲ್ಲದಿದ್ದರೆ ಗೋಡೆ ಸಾಕೆಟ್‌ಗೆ ಹಾಕುವ ಸಣ್ಣ ಆಟೋಮ್ಯಾಟಿಕ್ ಚಾರ್ಜರ್ ಒಂದನ್ನು ತೆಗೆದುಕೊಳ್ಳಿ, ತಿಂಗಳಿಗೊಂದು ರಾತ್ರಿ ಹಾಕಿಟ್ಟರೆ ಸಾಕು. ಡ್ಯಾಶ್‌ಕ್ಯಾಮ್ ತೆಗೆದ ಮೇಲೂ ರೀಡಿಂಗ್ ಇಳಿಯದಿದ್ದರೆ ಯಾವ ಫ್ಯೂಸ್ ಕಿತ್ತಾಗ ಎಷ್ಟು ಬಂತು ಅಂತ ಬರೆದಿಟ್ಟುಕೊಂಡು, ಆ ಚೀಟಿ ಸಮೇತ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.